ಸೊಕ್ಕಿನ ಮನುಷ್ಯನ ಕ್ಯಾಮೆರಾ

ಎದುರಿನ ಫೋಟೋ ಸ್ಟುಡಿಯೋದವರ ಮಣ್ಣಿಗೆ ಹೋಗಿ ಬಂದ ಮಂದಿ ನನ್ನ ಪಾರ್ಲರಿನ ಪಕ್ಕದ ಚಹಾದಂಗಡಿಯ ಮುಂದೆ ನಿಂತು ಮಾತಾಡುತ್ತಿದ್ದರು. ಒಳಗೆ ಪರದೆಯ ಹಿಂದೆ ನಾನು ಒಬ್ಬ ಹುಡುಗಿಯ ಹುಬ್ಬು ತಿದ್ದುತ್ತಿದ್ದೆ. ಹೊರಗಿನ ಒಂದೊಂದು ಮಾತೂ ಕೇಳಿಸುತ್ತಿತ್ತು. ತೊಗರಿ ವ್ಯಾಪಾರದ ಯಜಮಾನರೊಬ್ಬರು, ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಮೊದಲು ತಾವೇ ಹೇಳಿ, ಆಮೇಲೆ ಅಂದರು: "ಫೋಟೋ ಭಾಳ ಛಲೋ ತೆಗೀತಿದ್ದ, ಸುಳ್ಳ್ಯಾಕ ಹೇಳಬೇಕು. ಆದ್ರ ಮನುಷ್ಯಾಗ ಸೊಕ್ಕಿತ್ತು."

ಉಳಿದವರೂ ಹೌದೆಂದರು. ಪಕ್ಕದಲ್ಲೇ ನಡೆಯುತ್ತ ನಮಸ್ಕಾರ ಹೇಳಿದರೂ ತಿರುಗಿ ನೋಡದವನು ಎಂದು ಒಬ್ಬರು. ಚಹಾ ತಂದು ಹಿಡಿದರೂ ಮುಟ್ಟದೆ ಎದ್ದು ಹೋದವನು ಎಂದು ಇನ್ನೊಬ್ಬರು. ನನ್ನ ಕೈಯ ದಾರ ತಪ್ಪಿ ಹುಡುಗಿಯ ಚರ್ಮಕ್ಕೆ ತಾಗಿತು; ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ನಾನು ಹೊರಗೆ ಹೋಗಿ ಏನನ್ನೂ ಹೇಳಲಿಲ್ಲ. ಹೇಳುವ ಅಧಿಕಾರ ಆಗ ನನಗಿರಲಿಲ್ಲ. ನಾನು ಆಗೀಗ ಪತ್ರಿಕೆಗೆ ಏನಾದರೂ ಬರೆಯುವುದು ತೀರಿಹೋದವರ ಮಗಳಿಗೆ ಗೊತ್ತು. ತಿಂಗಳುಗಳಾದ ಮೇಲೆ ಅವಳೇ ಬಂದು, ಇನ್ನು ಬರೆಯಿರಿ ಆಂಟಿ, ಈಗ ಯಾರಿಗೂ ಏನೂ ಆಗುವುದಿಲ್ಲ ಅಂದಳು. ಹೆಸರು ಮಾತ್ರ ಬೇಡ ಎಂಬುದು ಅವಳ ತಾಯಿಯ ಮಾತು. ಆದ್ದರಿಂದ ಹೆಸರಿಲ್ಲದೆ ಬರೆಯುತ್ತಿದ್ದೇನೆ.

ಅಫಜಲಪುರದಲ್ಲಿ ನಾನು ಪಾರ್ಲರ್ ತೆರೆದಾಗ ಎದುರಿನ ಸಾಲಿನಲ್ಲಿ ಅವರ ಸ್ಟುಡಿಯೋ ಆಗಲೇ ಹಳೆಯದಾಗಿತ್ತು. ಅವರು ಮೂಲತಃ ಆಳಂದದ ಕಡೆಯವರು. ಮದುವೆಯಾದ ಮೇಲೆ ಇಲ್ಲಿಗೆ ಬಂದು ನೆಲೆಸಿದ್ದರು. ಮದುಮಗಳಿಗೆ ಮೇಕಪ್ ಮಾಡುವವಳು ಮತ್ತು ಫೋಟೋ ತೆಗೆಯುವವನು ಒಂದೇ ಮದುವೆಯಲ್ಲಿ ಕೆಲಸ ಮಾಡಲೇಬೇಕು. ಒಬ್ಬರ ತಪ್ಪು ಇನ್ನೊಬ್ಬರ ಕೆಲಸದಲ್ಲಿ ಕಾಣುತ್ತದೆ. ನಾನು ಮಾಡಿದ ಮೊದಲ ಮದುಮಗಳನ್ನು ನೋಡಿ ಅವರು, ಹಿಟ್ಟಿನ ಗಿರಣಿಯಿಂದ ಎದ್ದು ಬಂದಂತಿದ್ದಾಳೆ, ಮುಖ ತೊಳೆಸಿ ಮತ್ತೊಮ್ಮೆ ಮಾಡು ಅಂದಿದ್ದರು. ನಾನು ಅಳು ನುಂಗಿ ಮತ್ತೊಮ್ಮೆ ಮಾಡಿದೆ. ಫೋಟೋ ಬಂದ ಮೇಲೆ ಆ ಹುಡುಗಿಯ ತಾಯಿ ನನ್ನ ಕೈ ಹಿಡಿದು ಹೊಗಳಿದಳು. ಅಂದಿನಿಂದ ನಾನು ಅವರನ್ನು ಅಣ್ಣ ಎಂದೆ, ಅವರು ನನ್ನನ್ನು ತಂಗಿ ಎಂದರು. ನಮ್ಮ ಮನೆಯ ಮಾತು ದಖ್ಖನಿ ಉರ್ದು. ಸಿಟ್ಟು ಬಂದಾಗ ಮಾತ್ರ ಅವರು ನನ್ನೊಂದಿಗೆ ದಖ್ಖನಿಗೆ ಇಳಿಯುತ್ತಿದ್ದರು. ಬೈಗುಳ ನನಗಿಂತ ಅವರಿಗೇ ಚೆನ್ನಾಗಿ ಬರುತ್ತಿತ್ತು.

ಅವರ ನಡಿಗೆಯೇ ಬೇರೆ. ಮನೆಯಿಂದ ಸ್ಟುಡಿಯೋಕ್ಕೆ ಪ್ರತಿದಿನ ಅದೇ ಗಲ್ಲಿ, ಅದೇ ಬದಿ. ಬಲಗೈಯ ಬೆರಳು ಗೋಡೆಗೆ ತಾಗಿಯೂ ತಾಗದಂತೆ ಇರುತ್ತಿತ್ತು. ಯಾರಾದರೂ ದಾರಿಯಲ್ಲಿ ಹೊಸದಾಗಿ ಉಸುಕು ಸುರಿದರೆ, ಬಂಡಿ ನಿಲ್ಲಿಸಿದರೆ ಅವರಿಗೆ ಎಲ್ಲಿಲ್ಲದ ಸಿಟ್ಟು. ಗಾಡಿ ಓಡಿಸುತ್ತಿರಲಿಲ್ಲ, ನನಗ ಬರಂಗಿಲ್ಲ ಅನ್ನುತ್ತಿದ್ದರು. ಯಾರಾದರೂ ಕರೆದರೆ ಕತ್ತು ಮಾತ್ರ ತಿರುಗಿಸದೆ ಇಡೀ ಮೈ ತಿರುಗಿಸಿ, ಎದುರಿನವರ ಮುಖವನ್ನು ನೆಟ್ಟ ನೋಟದಿಂದ ನೋಡುತ್ತಿದ್ದರು. ಆ ನೋಟಕ್ಕೆ ಹೊಸಬರು ಹೆದರುತ್ತಿದ್ದರು. ಸಂಜೆಯ ಕಾರ್ಯಕ್ರಮ ಅಂದರೆ ಬೇಡವೇ ಬೇಡ. ಎಂಥ ದೊಡ್ಡ ಮನೆಯವರು ಬಂದು ಕೇಳಿದರೂ ಹೊತ್ತು ಮುಳುಗುವ ಮೊದಲು ನಾ ಮನ್ಯಾಗಿರಬೇಕು ಎಂದು ಹೇಳಿ ಕಳಿಸುತ್ತಿದ್ದರು. ಇದೆಲ್ಲವನ್ನೂ ಊರು ಒಂದೇ ಹೆಸರಿನಲ್ಲಿ ಕಟ್ಟಿಟ್ಟಿತ್ತು.

ಆದರೂ ಜನ ಅವರನ್ನೇ ಕರೆಯುತ್ತಿದ್ದರು. ಕಾರಣ ಅವರು ತೆಗೆಯುವ ಮುಖಗಳು. ಗುಂಪಿನ ಫೋಟೋ ವಿಡಿಯೋದವರಿಗೆ ಬಿಟ್ಟುಬಿಡುತ್ತಿದ್ದರು. ಅವರದು ಒಂದೇ ಮುಖ, ಚೌಕಟ್ಟಿನ ನಡುವೆ, ಹತ್ತಿರದಿಂದ. ಮಗಳನ್ನು ಧಾರೆಯೆರೆದು ಕೈ ಒರೆಸಿಕೊಳ್ಳುತ್ತ ನಿಂತ ತಂದೆ, ಊಟದ ಪಂಕ್ತಿಯಲ್ಲಿ ಮೊಮ್ಮಗನಿಗೆ ತುತ್ತು ಇಡುವ ಅಜ್ಜಿ. ಆ ಅಜ್ಜಿ ಸತ್ತ ಮೇಲೆ ಅದೇ ಫೋಟೋ ದೊಡ್ಡದು ಮಾಡಿ ಗೋಡೆಗೆ ಹಾಕುವ ಮನೆಗಳು ಅತನೂರಿನಲ್ಲಿ, ಕರಜಗಿಯಲ್ಲಿ ಎಷ್ಟೋ ಇವೆ. ಬೇರೆ ಫೋಟೋ ಇರಲಿಲ್ಲವೆಂದಲ್ಲ, ಅದೇ ಅವಳಂತೆ ಇತ್ತು ಎಂದು.

ಆ ಕ್ಯಾಮೆರಾ ಬಂದದ್ದು ಆಮೇಲೆ. ಸೊಲ್ಲಾಪುರಕ್ಕೆ ಹೋಗಿ ತಂದಿದ್ದರು. ಮೊದಲ ನೋಟಕ್ಕೆ ಅದು ಯಾರದೋ ಅಜ್ಜನ ಟ್ರಂಕಿನಿಂದ ತೆಗೆದದ್ದರಂತೆ ಕಾಣುತ್ತಿತ್ತು. ನೆತ್ತಿಗೆ ಬೆಳ್ಳಿ ಬಣ್ಣದ ಲೋಹ, ಮೈಗೆ ಕಪ್ಪು ಚರ್ಮದಂಥ ಹೊದಿಕೆ, ಮೇಲೆ ಅಂಕಿ ಕೊರೆದ ಡಯಲ್ಲುಗಳು. ಒಳಗೆ ಮಾತ್ರ ಎಲ್ಲ ಹೊಸದು. ಅದು ಮಿರರ್‌ಲೆಸ್ ಎಂಬ ಜಾತಿಯದು, ಹಳೆಯ ದೊಡ್ಡ ಕ್ಯಾಮೆರಾಗಳಲ್ಲಿ ಇರುವ ಕನ್ನಡಿ ಇದರಲ್ಲಿಲ್ಲ, ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಒಂದು ಪುಟ್ಟ ಟಿ.ವಿ. ಕೂತಿದೆ ಎಂದು ಅವರೇ ನನಗೆ ವಿವರಿಸಿದರು. ರೂಪ ನೋಡಿ ಊರವರು ನಕ್ಕರು. ಅಂಥ ಹಳೇ ಡಬ್ಬಿ ಹಿಡಿದು ಮದುವೆಗೆ ಬರುವುದಾದರೆ ನಮ್ಮ ಮಾನವೇನು ಎಂದು ಒಬ್ಬ ವರನ ಮಾವ ಕೇಳಿಯೇ ಬಿಟ್ಟರು. ನಮ್ಮ ಕಡೆ ಫೋಟೋದವನ ಕ್ಯಾಮೆರಾ ಎಷ್ಟು ದಪ್ಪವೋ ಮದುವೆ ಅಷ್ಟು ದೊಡ್ಡದು.

ಜೇವರ್ಗಿಯಿಂದ, ಆಳಂದದಿಂದ ಬೇರೆ ಫೋಟೋಗ್ರಾಫರುಗಳು ಅದನ್ನು ನೋಡಲು ಬರುತ್ತಿದ್ದರು. ತಾವೂ ಕೊಳ್ಳಬಹುದೇ ಎಂದು ಕೇಳುತ್ತಿದ್ದರು. ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ತೋರಿಸುವವರಂತೆ ಅವರು ಅದನ್ನು ತಿರುವಿ ತಿರುವಿ ತೋರಿಸುತ್ತಿದ್ದರು. ಗುಣ ಹೇಳಿದ ಬಾಯಿಯಲ್ಲೇ ಅವಗುಣವನ್ನೂ ಹೇಳದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಹಗುರ, ದಿನವಿಡೀ ಕೊರಳಲ್ಲಿದ್ದರೂ ಭಾರವಿಲ್ಲ. ಸಪ್ಪಳವಿಲ್ಲ, ಅಳುವವರ ಹತ್ತಿರ ಹೋಗಿ ತೆಗೆದರೂ ಅವರಿಗೆ ತಿಳಿಯುವುದಿಲ್ಲ. ಸಣ್ಣದಾದ್ದರಿಂದ ಜನ ಮೈ ಬಿಗಿಯುವುದಿಲ್ಲ. ಎಲ್ಲ ಸಂಗತಿಯೂ ಡಯಲ್ಲಿನ ಮೇಲಿದೆ, ಬೆಳಕು ಎಷ್ಟು ಬೇಕು, ಎಷ್ಟು ವೇಗ ಬೇಕು ಎಂಬುದನ್ನು ಪರದೆಯೊಳಗೆ ಹುಡುಕಬೇಕಿಲ್ಲ; ಬೆರಳಿಗೆ ಟಕ್ ಟಕ್ ಎಂದು ತಿಳಿಯುತ್ತದೆ. ಇನ್ನು ದೋಷ ಕೇಳ್ರಿ, ಅನ್ನುತ್ತಿದ್ದರು. ಮೈ ಸಪಾಟು, ಹಿಡಿಯಲು ಉಬ್ಬಿಲ್ಲ. ನಮ್ಮ ಬೇಸಿಗೆಯ ಬೆವರಿನ ಕೈಯಲ್ಲಿ ಜಾರುತ್ತದೆ. ದೊಡ್ಡ ಲೆನ್ಸ್ ಹಾಕಿದರೆ ಮೂಗು ಭಾರವಾಗಿ ಮುಂದಕ್ಕೆ ವಾಲುತ್ತದೆ, ಮಣಿಕಟ್ಟು ನೋಯುತ್ತದೆ. ಲೆನ್ಸ್ ಬದಲಿಸುವಾಗ ತೊಗರಿ ರಾಶಿಯ ಧೂಳು ಒಳಹೊಕ್ಕರೆ ಮುಗಿಯಿತು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ನಿದ್ದೆಹೋಗುತ್ತದೆ, ಎಬ್ಬಿಸುವಷ್ಟರಲ್ಲಿ ತಾಳಿ ಕಟ್ಟಿಯಾಗಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬ್ಯಾಟರಿ. ಕಿಂಡಿಯ ಟಿ.ವಿ. ಸದಾ ಉರಿಯುತ್ತಿರಬೇಕಲ್ಲ, ಬ್ಯಾಟರಿಯನ್ನು ಅದೇ ಕುಡಿಯುತ್ತದೆ.

"ಬ್ಯಾಟರಿ ಹೋತಂದ್ರ ಏನಾಗ್ತದ್ರಿ?" ಎಂದು ಒಬ್ಬ ಕೇಳಿದ.

ಅವರು ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು, "ಹೋಗಬಾರದು" ಅಂದರು.

ಅದು ಬಂದ ಮೇಲೆ ಊರು ಇನ್ನೊಂದು ಬದಲಾವಣೆ ಕಂಡಿತು. ಸಂಜೆಯ ಕಾರ್ಯಕ್ರಮಗಳನ್ನು ಅವರು ಒಪ್ಪಿಕೊಳ್ಳತೊಡಗಿದರು. ಯಾವಾಗಲೂ ಕ್ಯಾಮೆರಾ ಕೊರಳಲ್ಲಿ. ಹೊತ್ತು ಇಳಿದ ಮೇಲೆ ಮೆಟ್ಟಿಲು ಇಳಿಯುವಾಗಲೂ ಅದನ್ನು ಕಣ್ಣಿಗೆ ಹಿಡಿದಿರುತ್ತಿದ್ದರು, ತೆಗೆಯಲು ಅಲ್ಲಿ ಏನೂ ಇಲ್ಲದಿದ್ದರೂ. ಹೊಸ ಸಾಮಾನಿನ ಡೌಲು ಎಂದು ಜನ ಆಡಿಕೊಂಡರು. ನನಗೂ ಹಾಗೇ ಅನಿಸಿತ್ತು.

ಕರಜಗಿಯ ಒಂದು ಮನೆಯಲ್ಲಿ ಅರಿಶಿಣದ ಕಾರ್ಯ. ಹೊತ್ತು ಮುಳುಗಿ ಸ್ವಲ್ಪವೇ ಆಗಿತ್ತು. ಹೆಣ್ಣುಮಕ್ಕಳು ಅಂಗಳದಲ್ಲಿ ಹಾಡುತ್ತಿದ್ದರು. ನಾನು ಒಳಕೋಣೆಯಿಂದ ಮದುಮಗಳನ್ನು ಕರೆತಂದು ಬಿಟ್ಟು, ನನ್ನ ಡಬ್ಬಿ ತರಲು ಮತ್ತೆ ಒಳಗೆ ಹೋದೆ. ಅಷ್ಟರಲ್ಲಿ ಕರೆಂಟು ಹೋಯಿತು. ಅಂಗಳದಲ್ಲಿ ಸಂಜೆಯ ಮಬ್ಬು ಬೆಳಕಿತ್ತು, ಮೊಬೈಲುಗಳೂ ಬೆಳಗಿದವು, ಹಾಡು ನಿಲ್ಲಲಿಲ್ಲ. ನಡುಮನೆಯ ಓಣಿಯಲ್ಲಿ ಅವರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಕ್ಯಾಮೆರಾ ಕಣ್ಣಿಗಿತ್ತು. ಯಾರ ಫೋಟೋ ತೆಗೆಯುತ್ತಿದ್ದಾರೆಂದು ನೋಡಿದರೆ ಎದುರಿಗೆ ಖಾಲಿ ಗೋಡೆ. ನಾನು ಅವರ ಮುಂದೆ ಹೋಗಿ ನಿಂತೆ. ಎರಡು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಅವರು ಕ್ಯಾಮೆರಾ ಇಳಿಸಿದರು. ಕಣ್ಣು ಅಗಲವಾಗಿ ತೆರೆದಿದ್ದವು, ನನ್ನ ಮೇಲೆ ನಿಂತಿರಲಿಲ್ಲ.

"ಯಾರದು? ತಂಗಿ, ನೀ ಇದ್ದೀಯೇನು?"

ಹೌದು ಅಣ್ಣ ಅಂದೆ.

"ಬ್ಯಾಟರಿ ಹೋತು. ಇನ್ನೊಂದು ಚೀಲದಾಗ ಅದ. ಚೀಲ ಎಲ್ಲಿಟ್ಟೆ ಗೊತ್ತಾಗವಲ್ದು." ಗಾಳಿಯಲ್ಲಿ ಬೆರಳು ಚಾಚಿ, "ಕೈ ಕೊಡು" ಅಂದರು.

ಅಷ್ಟು ವರ್ಷ ನೋಡಿದ ಮನುಷ್ಯ, ಹೆಸರಾಂತ ಸಿಡುಕ, ನೀರಿಗಿಳಿದ ಮಗುವಿನಂತೆ ನನ್ನ ಮುಂಗೈ ಹಿಡಿದುಕೊಂಡರು. ಚೀಲ ಅವರ ಕಾಲ ಬಳಿಯೇ ಇತ್ತು. ನಾನು ಬ್ಯಾಟರಿ ತೆಗೆದು ಕೊಟ್ಟೆ. ಬೆರಳುಗಳು ತಡವರಿಸದೆ ಮುಚ್ಚಳ ತೆರೆದವು, ಹಾಕಿದವು, ಮುಚ್ಚಿದವು. ಕಿಂಡಿಗೆ ಕಣ್ಣಿಟ್ಟ ಮೇಲೆ ಅವರು ಉಸಿರು ಬಿಟ್ಟರು. ಏನೂ ಆಗದವರಂತೆ ಅಂಗಳಕ್ಕೆ ನಡೆದು ಹೋದರು. ಆ ಸಂಜೆ ಮೊಬೈಲ್ ಬೆಳಕಿನಲ್ಲಿ ಅವರು ತೆಗೆದ ಮದುಮಗಳ ಮುಖದ ಫೋಟೋವನ್ನು ಕರಜಗಿಯಲ್ಲಿ ಈಗಲೂ ಬಂದವರಿಗೆಲ್ಲ ತೋರಿಸುತ್ತಾರೆ.

ಮರುದಿನ ಮುಂಜಾನೆ ಅವರೇ ನನ್ನನ್ನು ಸ್ಟುಡಿಯೋಕ್ಕೆ ಕರೆದರು. ಅವರ ಹೆಂಡತಿ, ನಾನು ವೈನಿ ಅನ್ನುವವರು, ಆಗಲೇ ಅಲ್ಲಿ ಕೂತಿದ್ದರು. ಅಣ್ಣ ಸುತ್ತಿ ಬಳಸದೆ ಹೇಳಿದರು. ಪ್ರಾಯಕ್ಕೆ ಬಂದಾಗಿನಿಂದ ಅವರಿಗೆ ಕತ್ತಲಲ್ಲಿ ಏನೂ ಕಾಣುವುದಿಲ್ಲ. ಹಗಲಿನಲ್ಲೂ ನಟ್ಟನಡುವೆ ಮಾತ್ರ ಸ್ಪಷ್ಟ. ಸುತ್ತಲಿನದು ವರ್ಷ ವರ್ಷಕ್ಕೆ ಮುಚ್ಚಿಕೊಳ್ಳುತ್ತ ಬರುತ್ತಿದೆ. ಅವರ ಸೋದರಮಾವನಿಗೂ ಹೀಗೇ ಆಗಿ, ಆತ ಕೊನೆಗೆ ಆಳಂದದ ಮನೆಯ ಒಂದು ಕಟ್ಟೆಯ ಮೇಲೆ ಕೂತೇ ಮುದುಕನಾದ. ಹೈದರಾಬಾದಿನ ಡಾಕ್ಟರು ಇದಕ್ಕೆ ಔಷಧವಿಲ್ಲ, ವಂಶದಲ್ಲಿ ಹರಿದು ಬರುವ ಜಡ್ಡು ಎಂದು ಹೇಳಿದ್ದರು.

ಆಮೇಲೆ ಅವರು ಷಟರ್ ಎಳೆದು, ದೀಪ ಆರಿಸಿ, ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟರು. ಬರಿಗಣ್ಣಿಗೆ ನನಗೆ ಮೂಲೆಯ ಕುರ್ಚಿ ಒಂದು ಕಪ್ಪು ಗುಡ್ಡೆ. ಕಿಂಡಿಯಲ್ಲಿ ಕಣ್ಣಿಟ್ಟೆ. ಕುರ್ಚಿ ಕಂಡಿತು, ಅದರ ಮೇಲೆ ಕೂತ ವೈನಿ ಕಂಡರು, ಅವರ ಸೀರೆಯ ಅಂಚೂ ಕಂಡಿತು. ಚಿತ್ರ ರವೆ ಚೆಲ್ಲಿದಂತೆ ಕಾಳುಕಾಳಾಗಿತ್ತು. ತಿರುಗಿಸಿದರೆ ಒಂದು ಗಳಿಗೆ ತಡವಾಗಿ ತಿರುಗುತ್ತಿತ್ತು. ಆದರೂ ಕಾಣುತ್ತಿತ್ತು. ಹಳೆಯ ಕ್ಯಾಮೆರಾದ ಕಿಂಡಿಯಲ್ಲಿ ಇದ್ದ ಬೆಳಕಷ್ಟೇ ಕಾಣುತ್ತದೆ, ಇದು ಇಲ್ಲದ ಬೆಳಕನ್ನೂ ಹಿಗ್ಗಿಸಿ ತೋರಿಸುತ್ತದೆ ಎಂದು ಅವರು ಕತ್ತಲಲ್ಲಿ ನಿಂತು ಹೇಳಿದರು. ಡಯಲ್ಲುಗಳ ಮಹಿಮೆಯೂ ಆಗ ತಿಳಿಯಿತು. ಬದಿಯಲ್ಲಿ ಕಾಣದವನಿಗೆ ಬೆರಳಿಗೆ ಸಿಗುವ ಗುಂಡಿಯೇ ಬೇಕು.

ಯಾಕೆ ಮುಚ್ಚಿಡುತ್ತೀರಿ, ಹೇಳಿದರೆ ಮಂದಿ ಅರ್ಥಮಾಡಿಕೊಳ್ಳುತ್ತಾರೆ ಅಂದೆ.

"ಸೊಕ್ಕಿನಾಂವ ಅಂದ್ರ ನಡೀತದ ತಂಗಿ. ಸೊಕ್ಕಿನಾಂವಗ ಕೆಲಸ ಕೊಡ್ತಾರ. ಕುರುಡಗ ಯಾರು ಮದುವಿ ಫೋಟೋ ತೆಗಿ ಅಂತಾರ?" ಅಂದರು. ಆಮೇಲೆ ದನಿ ತಗ್ಗಿಸಿ, "ಮಗಳು ಬೆಳದು ನಿಂತಾಳ. ಮನಿತನಕ್ಕ ಜಡ್ಡದ ಅಂತ ಗೊತ್ತಾದ್ರ ಆಕಿನ್ನ ಯಾರು ಕೇಳ್ತಾರ?" ಅಂದರು.

ನಾನು ಮಾತು ಕೊಟ್ಟೆ. ನನ್ನ ಗಂಡನಿಗೆ ಮಾತ್ರ, ಅವರ ಒಪ್ಪಿಗೆ ಪಡೆದು ಹೇಳಿದೆ. ಸದಾ ಅವರ ಪಕ್ಕ ನಿಲ್ಲುತ್ತೇನೆಂದು ಅವರಿವರು ಏನಾದರೂ ಅಂದರೆ ತಿಳಿದಿರಲಿ ಎಂದು. ಅವನು ಪಾಪ ಅಂದವನು ಮತ್ತೆ ಆ ಮಾತು ಎತ್ತಲಿಲ್ಲ.

ಅಂದಿನಿಂದ ಮದುವೆಮನೆಗಳಲ್ಲಿ ನಾನು ಅವರ ಎಡಗಡೆ ಇರತೊಡಗಿದೆ. ಮೆಟ್ಟಿಲು ಬಂದರೆ ಬಳೆ ಸರಿಪಡಿಸಿಕೊಳ್ಳುವಂತೆ ಸಪ್ಪಳ ಮಾಡುತ್ತಿದ್ದೆ. ಯಾರಾದರೂ ಹತ್ತಿರ ಬಂದರೆ ಗಟ್ಟಿಯಾಗಿ ಅವರ ಹೆಸರು ಹಿಡಿದು ಮಾತಾಡಿಸುತ್ತಿದ್ದೆ. ಮಂಟಪದ ಮುಂದೆ ಜನ ತುಂಬಿದಾಗ ಅವರ ಕುತ್ತಿಗೆಯ ನರ ಬಿಗಿಯುವುದು ನನಗೆ ಕಾಣುತ್ತಿತ್ತು. ನಗುವ ಮುಖಗಳ ನಡುವೆ ಅವರು ಒಂದು ಕಿರಿದಾದ ಕೊಳವೆಯೊಳಗೆ ನಿಂತಂತೆ ನಿಂತಿರುತ್ತಿದ್ದರು. ಹೊರಗಿನಿಂದ ಯಾವ ಕೈ, ಯಾವ ಕುರ್ಚಿ, ಯಾವ ಮಗು ಬಂದು ಡಿಕ್ಕಿ ಹೊಡೆಯುತ್ತದೋ ತಿಳಿಯದು. ಒಮ್ಮೆ ಘತ್ತರಗಿಯಲ್ಲಿ, ದೇವಿಗೆ ಬಂದ ಜನರ ಗದ್ದಲದಲ್ಲಿ, ಅವರು ಒಬ್ಬ ಮುದುಕಿಗೆ ಡಿಕ್ಕಿ ಹೊಡೆದು ಕೆಡವಿದರು. ಮುದುಕಿಯ ಮಗ ಅವರ ಕಾಲರ್ ಹಿಡಿದ. ಕಾಣಲಿಲ್ಲ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಬೈಗುಳ ತಿಂದು, ಅಂಗಿ ಸರಿಮಾಡಿಕೊಂಡು, ನದಿಯ ಕಡೆ ಮುಖ ಮಾಡಿ ಬಹಳ ಹೊತ್ತು ಕೂತರು.

ಜೇವರ್ಗಿಯಿಂದ ಒಂದು ಸಂಬಂಧ ಬಂತು. ಹುಡುಗನದು ಔಷಧದ ಅಂಗಡಿ, ತಂದೆ ನಿವೃತ್ತ ಹೈಸ್ಕೂಲು ಮಾಸ್ತರರು. ಇವರಂತೆಯೇ ಬೌದ್ಧರು. ಮಗಳು ಬಿ.ಎಡ್. ಮುಗಿಸಿ ಇಲ್ಲಿಯೇ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಹುಡುಗನನ್ನು ಒಪ್ಪಿದ್ದಳು. ನಿಶ್ಚಯದ ದಿನ ಮಧ್ಯಾಹ್ನ ಎಲ್ಲರೂ ಅವರ ಮನೆಯ ಪಡಸಾಲೆಯಲ್ಲಿ ಕೂತಿದ್ದರು. ಮಗಳಿಗೆ ಸಿಂಗಾರ ಮಾಡಿ ಕರೆತಂದು ನಾನು ಅವಳ ಹಿಂದೆ ನಿಂತಿದ್ದೆ. ಅಣ್ಣ ಒಂದೆರಡು ಫೋಟೋ ತಾವೇ ತೆಗೆಯಬೇಕೆಂದು ಕ್ಯಾಮೆರಾ ಕೈಯಲ್ಲಿ ಹಿಡಿದು ಡಯಲ್ ತಿರುವುತ್ತಿದ್ದರು. ಅಷ್ಟರಲ್ಲಿ ಹುಡುಗನ ತಂದೆ ಸಕ್ಕರೆಯ ತಟ್ಟೆಯಿಂದ ಒಂದು ಚಿಟಿಕೆ ತೆಗೆದುಕೊಂಡು, ನಗುತ್ತ, ಬೀಗರ ಬಾಯಿಗೆ ಹಾಕಲು ಪಕ್ಕದಿಂದ ಕೈ ಚಾಚಿದರು. ಅದೇ ಗಳಿಗೆಯಲ್ಲಿ ಅಣ್ಣ ಮೈ ತಿರುಗಿಸಿ, ಅವರಿಗೆ ಬೆನ್ನು ಕೊಟ್ಟು, ಕಿಟಕಿಯ ಬೆಳಕು ನೋಡಿದರು.

ಸಕ್ಕರೆ ಹಿಡಿದ ಕೈ ಹಾಗೇ ನಿಂತಿತು. ಪಡಸಾಲೆಯ ಮಾತೆಲ್ಲ ನಿಂತಿತು. ನನ್ನ ಕೈಬಳೆ ಅಷ್ಟು ದೂರಕ್ಕೆ ಕೇಳಿಸುವಂತಿರಲಿಲ್ಲ.

ಹುಡುಗನ ಕಾಕಾ ಎದ್ದು ನಿಂತರು. "ಹುಡುಗಿ ತಂದಿಗೆ ಸೊಕ್ಕು ಭಾಳ ಅಂತ ಊರಾಗ ಕೇಳಿದ್ವಿ. ಇವತ್ತ ಕಣ್ಣಿಲೆ ನೋಡಿದಂಗಾತು. ಏಳ್ರಿ ಎಲ್ಲಾರೂ."

ಏನಾಯಿತೆಂದು ಅಣ್ಣನಿಗೆ ಆಗ ತಿಳಿಯಿತು. ಮುಖ ಸುಣ್ಣದಂತಾಯಿತು. ಅಡುಗೆಮನೆಯ ಬಾಗಿಲಲ್ಲಿ ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನನಗೆ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು: ಕಾಣಲಿಲ್ಲ ಎಂದರೆ ಈ ಅವಮಾನ ತೊಳೆದು ಹೋಗುತ್ತದೆ, ಸಂಬಂಧವೂ ಅದರ ಜೊತೆಗೇ ಹೋಗುತ್ತದೆ. ಅವರು ಕ್ಯಾಮೆರಾವನ್ನು ಕುರ್ಚಿಯ ಮೇಲೆ ಇಟ್ಟರು. ಮುಂದೆ ಬಂದು, ತಮ್ಮ ಸರೀಕ ವಯಸ್ಸಿನ ಆ ಮಾಸ್ತರರ ಕಾಲು ಮುಟ್ಟಿದರು.

"ತಪ್ಪಾತ್ರಿ. ನನ್ನ ಸ್ವಭಾವನ ಹಂಗ ಅದ, ಸೊಕ್ಕಿಂದು. ಅದರ ಶಿಕ್ಷಾ ನನ್ನ ಮಗಳಿಗೆ ಕೊಡಬ್ಯಾಡ್ರಿ."

ಮಾಸ್ತರರು ಗಾಬರಿಯಾಗಿ ಅವರನ್ನು ಎಬ್ಬಿಸಿದರು, ತಬ್ಬಿಕೊಂಡರು, ತಮ್ಮನನ್ನು ಗದರಿಸಿ ಕೂಡಿಸಿದರು. ಸಕ್ಕರೆ ಹಂಚಲಾಯಿತು. ಮಗಳ ಕಣ್ಣಿನಿಂದ ನೀರು ಇಳಿದು ಕಾಡಿಗೆ ಕೆನ್ನೆಗೆ ಹರಿಯಿತು. ನಾನು ಬಗ್ಗಿ ಒರೆಸಿದೆ. ಹೆಣ್ಣುಮಗಳು ತವರು ಬಿಡುವ ದುಃಖ ಎಂದು ಬಂದವರು ತಿಳಿದರು. ಅಂದು ಎಲ್ಲರೂ ಹೋದ ಮೇಲೆ ಅಣ್ಣ ನನ್ನನ್ನು ಕೇಳಿದ್ದು ಇಷ್ಟೇ: ಅವರು ಕೈ ಎಷ್ಟು ಹೊತ್ತು ಹಿಡಿದಿದ್ದರು? ನಾನು ಒಂದು ಗಳಿಗೆ ಅಂದೆ. ಬಹಳ ಹೊತ್ತು ಹಿಡಿದಿದ್ದರು.

ಮದುವೆಯ ಮುಂಜಾನೆ. ಬೌದ್ಧರ ಮದುವೆಯಲ್ಲಿ ಮದುಮಗಳು ಬಿಳಿ ಸೀರೆ ಉಡುತ್ತಾಳೆ. ಬಿಳಿಗೆ ಮುಖದ ಬಣ್ಣ ಹೊಂದಿಸುವುದು ಕಷ್ಟದ ಕೆಲಸ. ನಾನು ಮೈಯೆಲ್ಲ ಕಣ್ಣಾಗಿ ಮಾಡುತ್ತಿದ್ದೆ. ಕೋಣೆಯಲ್ಲಿ ನಾವಿಬ್ಬರೇ. ಮಗಳು ಇದ್ದಕ್ಕಿದ್ದಂತೆ ಹೇಳಿದಳು: "ಆಂಟಿ, ನಾ ಅವರಿಗೆ ಎಲ್ಲಾ ಹೇಳೇನಿ."

ನಾನು ಬ್ರಶ್ ಕೆಳಗಿಟ್ಟೆ. ಯಾರಿಗೆ, ಏನು ಎಂದು ಕೇಳಿದೆ.

"ಅಪ್ಪನ ಕಣ್ಣಿಂದು. ನಿಶ್ಚಯ ಆದ ಮರುದಿನಾನ ಫೋನ್ ಮಾಡಿ ಹೇಳಿದೆ. ಮಾಡಲಾರದ ತಪ್ಪಿಗೆ ಅಪ್ಪ ಕಾಲಿಗೆ ಬಿದ್ದದ್ದು ನನಗ ತಡಕೊಳ್ಳಾಕ ಆಗಲಿಲ್ಲ."

ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ ನಕ್ಕಳು. ಸಣ್ಣವಳಿದ್ದಾಗ ಬಾಗಿಲನ್ನು ಅರ್ಧ ತೆರೆದು ಬಿಟ್ಟರೆ, ಚೊಂಬನ್ನು ನಡುದಾರಿಯಲ್ಲಿ ಇಟ್ಟರೆ ಅವ್ವ ಯಾಕೆ ಹೊಡೆಯುತ್ತಿದ್ದಳು ಎಂದು ತಿಳಿಯಲಾರದಷ್ಟು ದಡ್ಡಿಯೇ ನಾನು ಅಂದಳು. ಅಪ್ಪ ಮುಚ್ಚಿಟ್ಟಿದ್ದಾರೆಂದು ತಾನೂ ಮುಚ್ಚಿಟ್ಟಿದ್ದಳು, ಅಷ್ಟೇ.

ಹುಡುಗ ಕೆಲವು ದಿನ ಬಿಟ್ಟು ತಂದೆಗೆ ಹೇಳಿದನಂತೆ. ಅವಳನ್ನು ಕಲಬುರಗಿಯ ಕಣ್ಣಿನ ಡಾಕ್ಟರರಿಗೆ ತೋರಿಸಿದರು. ಇವಳ ಕಣ್ಣು ಈಗ ಚೆನ್ನಾಗಿವೆ, ಮುಂದೆ ಹುಟ್ಟುವ ಮಕ್ಕಳ ಬಗ್ಗೆ ಖಾತ್ರಿ ಕೊಡಲಾರೆ ಎಂದು ಡಾ‌ಕ್ಟರು ಹೇಳಿದರು. ಮನೆಯಲ್ಲಿ ಜಗಳವಾಯಿತು. ಕಾಕಾ ಈ ಮದುವೆಗೆ ಬರುವುದಿಲ್ಲ ಎಂದು ಹಟ ಹಿಡಿದರು, ಬರಲೂ ಇಲ್ಲ. ಹುಡುಗ ಹಿಂದೆ ಸರಿಯಲಿಲ್ಲ. ಮಾಸ್ತರರು ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಆ ಮನುಷ್ಯ ನನ್ನ ಕಾಲು ಮುಟ್ಟಿದ್ದಾನೆ, ಆ ಭಾರ ನಾನು ಎಲ್ಲಿ ಇಳಿಸಲಿ ಎಂದು ಒಂದೇ ಮಾತು ಆಡುತ್ತಿದ್ದರಂತೆ.

ಹಾಗಾದರೆ ಅಪ್ಪನಿಗೆ ಹೇಳಿಬಿಡು, ಅವರ ಎದೆ ಹಗುರಾಗಲಿ ಅಂದೆ. ಅವಳಿಗೂ ಅದೇ ಆಸೆಯಿತ್ತು. ಬೇಡವೆಂದವರು ಮಾಸ್ತರರು. ನಮಗೆ ಗೊತ್ತು ಎಂದು ಅವರಿಗೆ ತಿಳಿದರೆ, ಅಂದು ಸುಳ್ಳು ಹೇಳಿ ಕಾಲು ಹಿಡಿದದ್ದೂ ನಮಗೆ ಗೊತ್ತು ಎಂದಾಯಿತು. ಆಮೇಲೆ ಆ ಮನುಷ್ಯ ನನ್ನ ಮುಂದೆ ಜನ್ಮದಲ್ಲಿ ತಲೆ ಎತ್ತಲಾರ ಅಂದರಂತೆ. ನಾನು ಮತ್ತೆ ಬ್ರಶ್ ಎತ್ತಿಕೊಂಡೆ.

ಹೀಗೆ ಅಂದಿನ ಮದುವೆಯಲ್ಲಿ, ಯಾರಿಗೆ ತಿಳಿಯಬಾರದೆಂದು ಅಣ್ಣ ಜೀವ ಬಿಗಿಹಿಡಿದುಕೊಂಡಿದ್ದರೋ ಅವರಿಗೆಲ್ಲ ತಿಳಿದಿತ್ತು. ತಿಳಿದಿಲ್ಲವೆಂದು ನಂಬಿದ್ದವರು ಅವರೊಬ್ಬರೇ. ಮಾಸ್ತರರು ಅವರ ನಟ್ಟೆದುರಿಗೆ ಬಂದು, ಮುಖದ ಮಟ್ಟಕ್ಕೆ ಕೈ ಎತ್ತಿ ಜೈಭೀಮ್ ಹೇಳಿದರು. ಮದುಮಗ ಊಟದ ತಟ್ಟೆಯನ್ನು ಅವರ ಕೈಗೆ ಸೋಕಿಸಿ ಕೊಟ್ಟ. ಅಣ್ಣ ನನ್ನ ಕಿವಿಯಲ್ಲಿ, ಬೀಗರು ಭಾಳ ಸುಸಂಸ್ಕೃತ ಮಂದಿ ಅಂದರು. ನಾನು ಬಳೆ ಸಪ್ಪಳ ಮಾಡುತ್ತಲೇ ಇದ್ದೆ. ಈಗ ಅದೂ ನಾಟಕದ ಒಂದು ಭಾಗವಾಗಿತ್ತು, ನಿಲ್ಲಿಸುವ ದಾರಿ ನನಗೆ ತಿಳಿದಿರಲಿಲ್ಲ.

ಮುಂದಿನ ದಿನಗಳಲ್ಲಿ ನಡುವಿನ ನೋಟವೂ ಮಬ್ಬಾಗತೊಡಗಿತು. ಕಿಂಡಿಯ ಟಿ.ವಿ. ಎಷ್ಟು ಹಿಗ್ಗಿಸಿದರೂ ಮುಖದ ಗೆರೆ ಸಿಗಲಿಲ್ಲ. ಮೊದಲು ಸಂಜೆಯ ಕೆಲಸ ಬಿಟ್ಟರು, ಆಮೇಲೆ ಹಗಲಿನದು. ಮೊಣಕಾಲು ನೋವು ಎಂದು ಊರಿಗೆ ಹೇಳಿದರು. ಮೊಣಕಾಲಿಗೆ ಒಂದು ಪಟ್ಟಿಯನ್ನೂ ಕಟ್ಟಿಕೊಂಡರು. ಮನೆಯ ಪಡಸಾಲೆಯ ಆರಾಮ ಕುರ್ಚಿ, ಅಲ್ಲಿಂದ ಬಚ್ಚಲು, ಮತ್ತೆ ಕುರ್ಚಿ. ತೊಡೆಯ ಮೇಲೆ ಕ್ಯಾಮೆರಾ. ನಾನು ಹೋದಾಗಲೆಲ್ಲ ಡಯಲ್ ತಿರುವುವ ಟಕ್ ಟಕ್ ಸದ್ದು ಹೊರಗಿನಿಂದಲೇ ಕೇಳುತ್ತಿತ್ತು. ಇದನ್ನು ಮಾಡಿದವನಿಗೆ ಬೆರಳಿನ ಮರ್ಮ ಗೊತ್ತಿತ್ತು, ಕೈಯ ಮರ್ಮ ಗೊತ್ತಿರಲಿಲ್ಲ, ಅದಕ್ಕೇ ಹಿಡಿ ಇಡಲಿಲ್ಲ ಎಂದು ಆಗಲೂ ಗುಣದೋಷ ಹೇಳುತ್ತಿದ್ದರು. ಯಾರಾದರೂ ಬಂದರೆ ಪಟ್ಟಿ ಕಟ್ಟಿದ ಕಾಲನ್ನು ಮುಂದಕ್ಕೆ ಚಾಚಿ ಕೂಡುತ್ತಿದ್ದರು.

ಮಗಳು ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು. ನಾನು ನೋಡಲು ಹೋದ ದಿನ ಮಾಸ್ತರರೂ ಜೇವರ್ಗಿಯಿಂದ ಬಂದು, ಕೂಸಿಗೆ ಅಂಗಿ ತರಲೆಂದು ಪೇಟೆಗೆ ಹೋಗಿದ್ದರು. ಒಳಕೋಣೆಯಲ್ಲಿ ವೈನಿ ಬಾಣಂತಿಯ ಹತ್ತಿರ ಇದ್ದರು. ಪಡಸಾಲೆಯಲ್ಲಿ ಸಂಜೆಯ ಬೆಳಕು ಇಳಿಯುತ್ತಿತ್ತು, ದೀಪ ಹಚ್ಚಿರಲಿಲ್ಲ. ಅಣ್ಣನಿಗೆ ದೀಪದಿಂದ ಆಗಬೇಕಾದ್ದು ಏನೂ ಇರಲಿಲ್ಲ, ನನಗೆ ನೆನಪಾಗಲಿಲ್ಲ. ಕೂಸು ನಿಮ್ಮ ಹಣೆ ತಂದಿದೆ ಎಂದು ನಾನು ಹೇಳುತ್ತಿದ್ದೆ.

ಅಷ್ಟರಲ್ಲಿ ಮಾಸ್ತರರು ಬಂದರು. ಹೊರಗೆ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಬರಿಗಾಲಲ್ಲಿ ಒಳಗೆ ಬಂದವರು ನಾವು ಮಾತಾಡುತ್ತಿರುವುದನ್ನು ಕಂಡು, ಅಡ್ಡಿ ಮಾಡಬಾರದೆಂದು ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು. ಅಣ್ಣನ ಕುರ್ಚಿಗೂ ಅವರಿಗೂ ನಡುವೆ ಒಂದು ಮೊಳ ಜಾಗ. ಬೀಗರು ಬಂದರು ಎಂದು ನಾನು ಹೇಳುವಷ್ಟರಲ್ಲಿ ಅಣ್ಣ ಮುಂದಕ್ಕೆ ಬಾಗಿ, ದನಿ ತಗ್ಗಿಸಿ ಕೇಳಿದರು.

"ತಂಗಿ, ಒಂದು ಮಾತು ಖರೇ ಹೇಳು. ಬೀಗರಿಗೆ ಏನರ ಗೊತ್ತಾಗ್ಯಾದೇನು?"

ಮಾಸ್ತರರು ಅಲುಗಲಿಲ್ಲ. ಕೈಯಲ್ಲಿ ಕೂಸಿನ ಅಂಗಿಯ ಪೊಟ್ಟಣ. ಅವರು ನನ್ನನ್ನೇ ನೋಡುತ್ತಿದ್ದರು. ಬಹಳ ನಿಧಾನವಾಗಿ, ಎಡಕ್ಕೂ ಬಲಕ್ಕೂ ತಲೆಯಾಡಿಸಿದರು.

"ಇಲ್ಲಣ್ಣ" ಅಂದೆ. "ಏನೂ ಗೊತ್ತಾಗಿಲ್ಲ."

ಅಣ್ಣ ಕುರ್ಚಿಗೆ ಒರಗಿದರು. ಎಷ್ಟೋ ವರ್ಷದಿಂದ ಬಿಗಿಹಿಡಿದಿದ್ದ ಕುತ್ತಿಗೆ ಸಡಿಲಾದದ್ದನ್ನು ನಾನು ಕಂಡೆ. "ಛಲೋ ಆತು" ಅಂದರು. "ದೇವರಂಥಾ ಮನುಷ್ಯ. ಅವರ ಮುಂದ ನನ್ನ ಮಾನ ಉಳೀತು."

ಮಾಸ್ತರರು ಉಸಿರಿನ ಸಪ್ಪಳವೂ ಆಗದಂತೆ ಎದ್ದರು. ಪೊಟ್ಟಣದ ಕಾಗದ ಸರಪರ ಅನ್ನದಂತೆ ಅದನ್ನು ಎದೆಗೆ ಅವಚಿಕೊಂಡರು. ಒಂದೊಂದೇ ಹೆಜ್ಜೆ ಇಟ್ಟು ಹೊಸ್ತಿಲು ದಾಟಿ ಅಂಗಳಕ್ಕೆ ಹೋದರು. ಅಲ್ಲಿ ಚಪ್ಪಲಿ ಮೆಟ್ಟಿ, ಟಪಟಪ ಸದ್ದು ಮಾಡುತ್ತ ಬಾಗಿಲವರೆಗೆ ಬಂದು, ಕೆಮ್ಮಿ, ಮನ್ಯಾಗ ಇದ್ದೀರೇನ್ರಿ ಬೀಗರ ಎಂದು ಕೂಗಿದರು.

ಅಣ್ಣ ಗಡಬಡಿಸಿ ಪಟ್ಟಿಯ ಕಾಲನ್ನು ಸರಿಯಾಗಿ ಚಾಚಿಕೊಂಡರು. ಅಂಗಿಯ ಕಾಲರ್ ತೀಡಿಕೊಂಡು, ಇಡೀ ಮೈಯನ್ನು ಬಾಗಿಲ ಕಡೆ ತಿರುಗಿಸಿ, ತುಂಬು ಮುಖದಿಂದ ನಕ್ಕರು.

"ಬರ್ರಿ, ಬರ್ರಿ" ಅಂದರು. "ನಿಮ್ಮ ದಾರಿನ ನೋಡಾಕತ್ತಿದ್ದೆ."